ಘಟ್ಟದಲ್ಲಿ ವಿಮಾನ ನಿಲ್ಲುವುದಿಲ್ಲ

ಕುದುರೆಗಳ ಯಜಮಾನ ಬೈಜಾಕನ ಹೆಣ ಲಾಯದಲ್ಲಿ ಸಿಕ್ಕ ಮೂರನೆಯ ದಿನ, ಅವನ ಆಳು, ಅನಿಪಾಳ ಗಂಡ ಜೊಲ್ದೋಶನನ್ನು ಕೊಲೆಗಾರನೆಂದು ಮಧ್ಯಾಹ್ನದ ವಿಮಾನದಲ್ಲಿ ಅಲ್ಮಾಲುವಿನ ಸೆರೆಮನೆಗೆ ಒಯ್ಯುವುದೆಂದು ತೀರ್ಮಾನವಾಗಿತ್ತು. ಕರಾಜೋಲ್ ನಿಲ್ದಾಣದಲ್ಲಿ ಪುಟ್ಟ ವಿಮಾನ ಹತ್ತುವವರನ್ನು ತೂಗುವ ಕೆಲಸ ಅನಿಪಾಳದು. ಗಂಡನನ್ನೂ ಅವಳೇ ತೂಗಬೇಕಿತ್ತು.

"ಆ ಓಟದ ಕುದುರೆ ಸಾಕಿದ್ದು ಇವರು. ಮಾರಬೇಡ ಅಂತ ಯಜಮಾನನ ಹತ್ರ ಜಗಳ ಆಡಿದ್ದು ನಿಜ. ಕೊಲ್ಲೋ ಕೈ ಅಲ್ಲ ಅಪಾ ಅದು," ಎಂದಳು ಅನಿಪಾ.

ಬುರುಲ್ ಊರಿಗೆಲ್ಲ ಅಪಾ, ಅಂದರೆ ಅಕ್ಕ. ಮೂವತ್ತು ವರ್ಷ ವಿಮಾನಗಳ ವೇಳೆ ಬರೆದು, ನಿವೃತ್ತಿಯ ನಂತರವೂ ನಿಲ್ದಾಣದ ಹಿಂಬದಿಯ ಕೋಣೆಯಲ್ಲೇ ಉಳಿದ ಮುದುಕಿ. ಊರಿನ ಅಪರಾಧಗಳ ಗಂಟು ಅವಳು ಬಿಚ್ಚುವಾಗಲೆಲ್ಲ ಅನಿಪಾ ಜೊತೆಗಿರುತ್ತಿದ್ದಳು. ನಿನ್ನೆ ಮಾತ್ರ ಅಪಾ ಒಬ್ಬಳೇ ಲಾರಿ ಹತ್ತಿ ಎಲ್ಲಿಗೋ ಹೋಗಿ, ಬೆಳಗ್ಗೆ ಮೈಯೆಲ್ಲ ಧೂಳಾಗಿ ಬಂದಿದ್ದಳು.

"ನಡಿ, ಸಾವಿನ ಮನೆಗೆ."

ಬೈಜಾಕನ ಗುಡಾರದ ಮುಂದೆ ಊರೇ ಸೇರಿತ್ತು. ಬೈಜಾಕನ ಸೋದರಳಿಯ ಚೊರೊ ವಾಡಿಕೆಯಂತೆ ನಡುವಿಗೆ ವಸ್ತ್ರ ಬಿಗಿದು, ಕೋಲಿಗೊರಗಿ ಗಟ್ಟಿಯಾಗಿ ಅಳುತ್ತಿದ್ದ. ನೀಲಿ ರೇಷ್ಮೆ, ಹೊಚ್ಚಹೊಸತು. ಒಂದು ಅಂಚು ಮಾತ್ರ ಬೆರಳಗಲ ಹರಿದಿತ್ತು.

"ಒಳ್ಳೆ ಬಟ್ಟೆ," ಅಪಾ ಅದನ್ನು ಸವರಿದಳು. "ಯಾವಾಗ ತಗೊಂಡೆ?"

"ವಿಮಾನ ಹತ್ತೋ ಹಿಂದಿನ ಸಂಜೆ, ಅಲ್ಮಾಲು ಸಂತೇಲಿ. ಮಾವನಿಗೆ ಅಂತ ತಂದೆ. ಅವನ ಸಾವಿಗೇ ಕಟ್ಕೊಂಡೆ."

"ಆಮೇಲೆ ಗುಡಾರ ಬಿಟ್ಟು ಎಲ್ಲೂ ಹೋಗಿಲ್ಲ?"

"ಎಲ್ಲಿಗೆ ಹೋಗ್ಲಿ?"

"ಅವನನ್ನ ಬಿಡಮ್ಮಾ," ಎಂದ ಪೊಲೀಸ್ ಅಧಿಕಾರಿ ಸಾತಾರ್. "ಕೊಲೆ ಹತ್ತೂವರೆಗೆ, ಸುತ್ತಿಗೇಲಿ. ಅವನ ವಿಮಾನ ಇಳಿದದ್ದು ಹನ್ನೊಂದಕ್ಕೆ. ಟಿಕೆಟ್ ನೋಡಿದ್ದೀನಿ. ಆಕಾಶದಿಂದ ಸುತ್ತಿಗೆ ಎಸೆದ್ನಾ?"

ಕೆಲವರು ನಗು ನುಂಗಿದರು.

"ಅಲ್ಮಾಲುವಿಂದ ಇಲ್ಲಿಗೆ ವಿಮಾನದಲ್ಲಿ ಎಷ್ಟು ಹೊತ್ತು?" ಅಪಾ ಕೇಳಿದಳು.

"ನಲವತ್ತು ನಿಮಿಷ. ನಿನಗೆ ನಾನು ಹೇಳ್ಬೇಕಾ?"

"ರಸ್ತೇಲಿ?"

"ಘಟ್ಟ ಹತ್ತಿ ಇಳಿದು ಐದು ಗಂಟೆ."

"ಟಿಕೆಟ್ ಕೊಂಡವರೆಲ್ಲ ಹತ್ತಲ್ಲ ಸಾತಾರ್. ಅವತ್ತು ಒಂದು ಜಾಗ ಖಾಲಿ ಬಂತು, ಅಲ್ಲಿ ಈರುಳ್ಳಿ ಮೂಟೆ ಇಟ್ಟೆ ಅಂತ ಪೈಲಟ್ ಹೇಳಿದ. ಹತ್ತೋರನ್ನ ತೂಗ್ತೀವಿ, ಇಳಿಯೋರನ್ನ ಯಾರು ಎಣಿಸ್ತಾರೆ?"

ಅನಿಪಾಳಿಗೆ ನೆನಪಾಯಿತು. ಅಂದು ಚೊರೊನನ್ನು ಅವಳು ಕಂಡದ್ದು ಬೇಲಿಯ ಬಳಿ, ಅಪ್ಪಿಕೊಳ್ಳುವವರ ಗುಂಪಿನಲ್ಲಿ. ವಿಮಾನದ ಏಣಿಯ ಮೇಲಲ್ಲ.

"ಘಟ್ಟದ ನೆತ್ತಿಯ ಹರಕೆ ಮರದ ಹತ್ರ ಇಳಿದು, ಮೈಮೇಲಿನ ಬಟ್ಟೇಲಿ ಒಂದೆಳೆ ಹರಿದು ಕಟ್ಟದೆ ದಾಟಿದೋರು ಈ ಊರಲ್ಲಿದ್ದಾರಾ? ಕುದುರೆ ಕಳ್ಳನೂ ಕಟ್ತಾನೆ," ಎಂದಳು ಅಪಾ.

ಅಪಾ ಮಡಿಲಿನಿಂದ ನೀಲಿ ಚಿಂದಿಯೊಂದನ್ನು ತೆಗೆದು ಚೊರೊನ ನಡುವಸ್ತ್ರದ ಹರಿದ ಅಂಚಿಗೆ ಹಿಡಿದಳು. ಎಳೆಗೆ ಎಳೆ ಕೂಡಿತು.

"ನಿನ್ನೆ ಆ ಮರದಿಂದ ತಂದೆ. ಇನ್ನೊಬ್ಬರ ಹರಕೆ ಬಿಚ್ಚಬಾರದು. ಆ ಪಾಪ ನನಗಿರಲಿ. ಸಂತೇಲಿ ಸಂಜೆ ಕೊಂಡ ಬಟ್ಟೆ ಘಟ್ಟಕ್ಕೆ ಹೆಂಗೆ ಬಂತಪ್ಪಾ? ವಿಮಾನ ಅಲ್ಲಿ ನಿಲ್ಲಲ್ಲ. ನೀನು ರಾತ್ರಿ ರಸ್ತೇಲಿ ಬಂದೆ. ಬೆಳಗ್ಗೆ ಲಾಯದಲ್ಲಿ ಕೆಲಸ ಮುಗಿಸಿ, ಇಳಿಯೋರ ಜೊತೆ ಸೇರ್ಕೊಂಡೆ."

ಚೊರೊನ ಅಳು ನಿಂತಿತ್ತು. "ಓಟದ ಕುದುರೆ ನನಗೇ ಅಂದಿದ್ದ. ಮಾರೋಕೆ ಹೊರಟ."

"ಕೊಲ್ಲೋಕೆ ಹೋಗ್ತಾ ಅಲ್ಲಿ ಏನು ಬೇಡ್ಕೊಂಡೆ?"

ಅವನು ತನ್ನ ಕೈಗಳನ್ನೇ ನೋಡಿದ. "ಏನೂ ಇಲ್ಲ ಅಪಾ. ಕೈ ತಾನೇ ಕಟ್ತು."

ಮಧ್ಯಾಹ್ನ ಅನಿಪಾ ಚೊರೊನನ್ನು ತೂಗಿ ತೂಕ ಬರೆದಳು. ಬೇಲಿಯಾಚೆ ಜೊಲ್ದೋಶ್ ಬಿಡುಗಡೆಯಾದ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ನಿಂತಿದ್ದ. ವಿಮಾನ ಘಟ್ಟದ ಮೇಲೆ ಚುಕ್ಕೆಯಾದಾಗ ಬುರುಲ್ ಅಪಾ ತಲೆವಸ್ತ್ರದ ಅಂಚು ಹರಿದು, ಅಲ್ಮಾಲುವಿಗೆ ಹೊರಟಿದ್ದ ಲಾರಿಯವನ ಕೈಗಿಟ್ಟಳು.

"ಒಂದು ಕೊಂಬೆ ಖಾಲಿ ಮಾಡಿ ಬಂದಿದ್ದೀನಿ. ಅಲ್ಲಿ ಕಟ್ಟು."