‘ಬರ್ತೇನೆ’ ಎಂದ ಕ್ಯಾಪ್ಟನ್

"ಈ ಮಾತು ಬರೆದದ್ದು ಯಾರು?"

ಉಡುಪಿಯ ಮುದ್ದಣ್ಣನ ಪ್ರೆಸ್ಸಿನಲ್ಲಿ ಕರಡು ಹಾಳೆ ಹಿಡಿದು ನಿಂತವನನ್ನು ಡುಲ್ಸಿನ್ ಅಡಿಯಿಂದ ಮುಡಿಯವರೆಗೆ ನೋಡಿದಳು. ಇಸ್ತ್ರಿ ಮಾಡಿದ ಅಂಗಿ, ಬಿಸಿಲಿಗೆ ಕಂದಿದ ಮುಖ... ಓಹೋ, ಬಹರೈನಿನಿಂದ ರಜೆಯಲ್ಲಿ ಬಂದ ಮ್ಯಾಕ್ಸಿಮ್ ಇವರೇ!

"ನಾನು. ಎಂತ ತಪ್ಪುಂಟು ಅದರಲ್ಲಿ?"

೧೯೬೭ರ ಮಾತಿದು. ಊರಲ್ಲಿ ಟೆಲಿವಿಷನ್ ಕಂಡವರೇ ಇರಲಿಲ್ಲ. ಬಹರೈನಿನ ಎಣ್ಣೆ ಕಂಪೆನಿಯಲ್ಲಿದ್ದ ಮ್ಯಾಕ್ಸಿಮ್ ಮಾತ್ರ ಅಲ್ಲಿ ವಾರ ವಾರವೂ ಒಂದು ಧಾರಾವಾಹಿ ನೋಡುತ್ತಿದ್ದ. ಬಾಹ್ಯಾಕಾಶ ನೌಕೆ, ಅದಕ್ಕೊಬ್ಬ ಕ್ಯಾಪ್ಟನ್, ಅವನು ಪ್ರೀತಿಸಿದ ಬೇರೆ ಗ್ರಹದ ಹುಡುಗಿ. ಅದರ ಇಂಗ್ಲಿಷ್ ಪುಸ್ತಕವನ್ನು ಮುದ್ದಣ್ಣನಿಗೆ ಕಳುಹಿಸಿದ್ದೂ ಅವನೇ. ಅದೇ ಪಾತ್ರಗಳನ್ನಿಟ್ಟು ಕನ್ನಡದಲ್ಲಿ ಹೊಸ ಕಥೆ ಬರೆಯುವ ಕೆಲಸ ಕಲ್ಯಾಣಪುರದ ಡುಲ್ಸಿನ್‌ಗೆ ಸಿಕ್ಕಿತ್ತು.

"ಹುಡುಗಿಯನ್ನು ಬಿಟ್ಟು ಹೊರಡುವಾಗ ಕ್ಯಾಪ್ಟನ್ 'ಹೋಗ್ತೇನೆ' ಅಂತಲೇ ಹೇಳುವುದು. ನಾನು ಕಣ್ಣಾರೆ ನೋಡಿದ್ದೇನೆ. ನೀವು 'ಬರ್ತೇನೆ' ಅಂತ ಬರೆದಿದ್ದೀರಿ."

"ಹೊರಡುವವರು 'ಹೋಗ್ತೇನೆ' ಅನ್ನುವ ಕ್ರಮ ಉಂಟಾ ನಮ್ಮಲ್ಲಿ? ಹಾಗೆ ಹೇಳಿದರೆ ಅವರು ತಿರುಗಿ ಬರುವುದಿಲ್ಲ ಅಂತ ಅರ್ಥ."

"ಅವನು ನಮ್ಮವನಲ್ಲ, ಇಂಗ್ಲಿಷಿನವ."

"ನನ್ನ ಪುಸ್ತಕದಲ್ಲಿ ಅವನಿಗೆ ಕನ್ನಡ ಬರ್ತದೆ."

ಇಬ್ಬರ ಮನೆಮಾತೂ ಕೊಂಕಣಿ. ಆದರೂ ಜಗಳ ಕನ್ನಡದಲ್ಲಿ ಶುರುವಾಯಿತು, ಕನ್ನಡದಲ್ಲೇ ಮುಂದುವರಿಯಿತು. ಅವನು ದಿನಾ ಪ್ರೆಸ್ಸಿಗೆ ಬಂದು ತಾನು ನೋಡಿದ ಕಂತುಗಳನ್ನು ಹೇಳುವುದು, ಅವಳು ತನಗೆ ಬೇಕಾದಂತೆ ಬದಲಿಸುವುದು. ಅವನ ಸೈಕಲ್ ಗಂಟೆಗೆ ಯಾವಾಗ ಕಿವಿಗೊಟ್ಟು ಕೂರತೊಡಗಿದಳೋ ಅವಳಿಗೇ ತಿಳಿಯಲಿಲ್ಲ. ಇದೆಂಥ ಹುಚ್ಚು ನನಗೆ...

ಅಷ್ಟರಲ್ಲಿ ಕಾರ್ಕಳದಿಂದ ಸಂಬಂಧ ಬಂತು. ಮದುವೆಯಾದ ಮೇಲೆ ಗ್ರಹ, ನೌಕೆ ಅಂತೆಲ್ಲ ಬರೆಯುವಂತಿಲ್ಲ ಎಂದರು ಹುಡುಗನ ತಾಯಿ. ಹಾಗಾದರೆ ಮದುವೆಯೇ ಬೇಡ ಎಂದು ಡುಲ್ಸಿನ್ ಅವರ ಮುಂದಿದ್ದ ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ನಡೆದಳು! ಅಮ್ಮ ಅತ್ತರು, ಅಪ್ಪ ಗದರಿದರು. ಅವಳು ಜಪ್ಪಯ್ಯ ಎನ್ನಲಿಲ್ಲ.

ಮುದ್ದಣ್ಣನಿಂದ ಮ್ಯಾಕ್ಸಿಮ್‌ಗೆ ಮುಟ್ಟಿದ್ದು ಅರ್ಧ ಸುದ್ದಿ ಮಾತ್ರ. ಹುಡುಗಿ ನೋಡಲು ಬಂದಿದ್ದರಂತೆ... ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ರಜೆ ಮುಗಿದ ಬೆಳಿಗ್ಗೆ ಪ್ರೆಸ್ಸಿನ ಬಾಗಿಲಲ್ಲಿ ನಿಂತು, ಅವಳ ಮುಖ ನೋಡದೆ ಹೇಳಿದ.

"ಹೋಗ್ತೇನೆ."

ಡುಲ್ಸಿನ್ ತಲೆಯೆತ್ತುವಷ್ಟರಲ್ಲಿ ಅವನು ಹೊರಟಾಗಿತ್ತು. ಅರ್ಥ ಗೊತ್ತಿದ್ದೂ ಹೇಳಿದನಲ್ಲ!

ಅಳು ಬಂತು. ಅದಕ್ಕಿಂತ ಜೋರಾಗಿ ಸಿಟ್ಟು ಬಂತು. ಕೈಯಲ್ಲಿದ್ದ ಕರಡನ್ನೂ ಕೆಳಗಿಡದೆ ಬಸ್‌ಸ್ಟ್ಯಾಂಡಿಗೆ ಓಡಿದಳು. ಪೇಟೆಯ ಜನವೆಲ್ಲ ನೋಡುತ್ತಿದ್ದರು. ನೋಡಲಿ! ಅವನು ಕೂತಿದ್ದ ಕಿಟಕಿಯ ಕಂಬಿ ಹಿಡಿದು ನಿಂತಳು.

"ಕಾರ್ಕಳದವರಿಗೆ ಬೇಡ ಅಂತ ಹೇಳಿ ಆಯ್ತು. ಅದು ನಿಮಗಾಗಿ ಅಲ್ಲ, ನನ್ನ ಬರವಣಿಗೆಗಾಗಿ. ಆದರೆ ನನಗೆ ನೀವು ಬೇಕು. ಈಗ ಆ ಮಾತು ತಿದ್ದಿ. ತಿದ್ದದೆ ನಾನು ಈ ಕಂಬಿ ಬಿಡುವುದಿಲ್ಲ."

ಕಂಡಕ್ಟರ್ ಸೀಟಿ ಊದುವುದನ್ನೇ ಮರೆತ. ಮ್ಯಾಕ್ಸಿಮ್ ಕಿಟಕಿಯತ್ತ ಬಾಗಿದ. ಮಸಿ ಹತ್ತಿದ ಅವಳ ಬೆರಳುಗಳ ಮೇಲೆ ಕೈಯಿಟ್ಟು, ಮೊದಲ ಬಾರಿಗೆ ಅವಳೊಡನೆ ಮನೆಮಾತಿನಲ್ಲಿ ಹೇಳಿದ.

"ಯೆತಾಂ, ಡುಲ್ಸಿನ್."

ಬರ್ತೇನೆ ಎಂದಿದ್ದ. ಆದರೂ ಅವಳು ಕಂಬಿ ಬಿಡಲಿಲ್ಲ.

"ಇದು ಕ್ಯಾಪ್ಟನ್ ಹೇಳಿದ್ದೋ, ನೀವು ಹೇಳಿದ್ದೋ?"

ಅವನು ಕಣ್ಣೊರೆಸಿಕೊಂಡು ನಕ್ಕ.

"ಕ್ಯಾಪ್ಟನಿಗೆ ಕೊಂಕಣಿ ಬರುವುದಿಲ್ಲ."