ಕತ್ತಲಲ್ಲಿ ಹೇಳಿದ ಏಳು ಜೋಕು

"ಉಫ್!"

ಅವಳು ಊದಿದಳು. ರಬ್ಬರಿನ ಬೂದು ಪುಡಿ ಹಾಳೆಯ ಮೇಲಿಂದ ಹಾರಿ ಮೇಜಿನಾಚೆ ಬಿತ್ತು. ಹಾಳೆಯನ್ನು ಕಿಟಕಿಯತ್ತ ಹಿಡಿದು ನೋಡಿದಳು. ಒಂದು ಗೀರೂ ಉಳಿದಿರಲಿಲ್ಲ.

ಈ ಒಂದು ಹಾಳೆಗೇ ಅರ್ಧ ಗಂಟೆ ಹಿಡಿದಿತ್ತು. ಹಿಂಬದಿಯ ತುಂಬ ಯಾರೋ ಪೆನ್ಸಿಲ್‌ನಿಂದ ಒತ್ತಿ ಒತ್ತಿ ಬರೆದಿದ್ದರು.

ಅವಳು ಚೋಟಿ. ಕ್ಲಾಸಿನಲ್ಲಿ ಎಲ್ಲರಿಗಿಂತ ಕುಳ್ಳಿ, ಅದಕ್ಕೇ ಆ ಹೆಸರು. ಓದುವುದು ಐದನೇ ಕ್ಲಾಸು. ಅಮ್ಮ ಬಟ್ಟೆ ಹೊಲಿಯುವ ಅಂಗಡಿಯಿಂದ ಬರುವುದು ಆರು ಗಂಟೆಗೆ. ಅಲ್ಲಿಯವರೆಗೆ ಚೋಟಿ ಲೈಬ್ರರಿಯಲ್ಲಿ ಕೂರುತ್ತಾಳೆ. ಅದೂ ಎಲ್ಲರಂತೆ ಬೆಂಚಿನ ಮೇಲಲ್ಲ, ಕೌಂಟರಿನ ಒಳಗೆ, ಲೈಬ್ರರಿ ಮೇಡಂ ಪಕ್ಕದ ಸ್ಟೂಲಿನ ಮೇಲೆ.

ಆ ಸ್ಟೂಲು ಸುಮ್ಮನೆ ಸಿಕ್ಕಿದ್ದಲ್ಲ. ವಾಪಸ್ ಬಂದ ಪುಸ್ತಕಗಳಲ್ಲಿ ಜನ ಪೆನ್ಸಿಲ್‌ನಿಂದ ಗೆರೆ ಎಳೆದಿರುತ್ತಾರೆ. ರಾಜರಿಗೆ ಕನ್ನಡಕ ಹಾಕಿರುತ್ತಾರೆ, ರಾಣಿಯರಿಗೆ ಮೀಸೆ ಬರೆದಿರುತ್ತಾರೆ. ಕಾಗದ ಹರಿಯದಂತೆ, ಅಕ್ಷರ ಮಾಸದಂತೆ ಅದನ್ನೆಲ್ಲ ಅಳಿಸುವುದು ಚೋಟಿಯ ಕೆಲಸ.

"ನಿನ್ನಷ್ಟು ನೀಟಾಗಿ ನಂಗೂ ಬರಲ್ಲ ಕಣೇ" ಎಂದು ಮೇಡಂ ಒಮ್ಮೆ ಹೇಳಿದ್ದರು. ಚೋಟಿ ಆ ಮಾತನ್ನು ಅಮ್ಮನಿಗೆ ಮೂರು ಸಲ ಹೇಳಿದ್ದಳು.

ಹೋದ ವಾರ ಲೈಬ್ರರಿಗೆ ಹನ್ನೆರಡು ಪೆಟ್ಟಿಗೆ ಬಂದಿದ್ದವು. ಕೊಟ್ಟವರು ಒಬ್ಬ ತಾತ. ಮೊದಲು ನಾಟಕ ಕಂಪನಿಯಲ್ಲಿ, ಆಮೇಲೆ ಸರ್ಕಸ್‌ನಲ್ಲಿ ಲೈಟ್ ಬಿಡುವ ಕೆಲಸ ಮಾಡಿದವರು. ಹಳೆಯ ನಾಟಕಗಳ ಕರಪತ್ರ, ಜಾದೂಗಾರರ ಪೋಸ್ಟರು, ಹರಿದ ಟಿಕೆಟ್ಟು, ಡೇರೆಯೊಳಗೆ ಯಾವ ಕುರ್ಚಿ ಎಲ್ಲಿ ಎಂದು ತೋರಿಸುವ ನಕ್ಷೆ, ಎಲ್ಲ ಇದ್ದವು. ಒಂದು ಪೋಸ್ಟರಿನಲ್ಲಿ ಒಬ್ಬ ಹೆಂಗಸು ಬರೀ ಹಲ್ಲಿನಿಂದ ಹಗ್ಗ ಕಚ್ಚಿಕೊಂಡು ತೂಗಾಡುತ್ತಿದ್ದಳು.

"ಧೂಳು ಒರೆಸಿ ಸೈಜ್ ಪ್ರಕಾರ ಜೋಡ್ಸು" ಎಂದು ಮೇಡಂ ಹೇಳಿದ್ದರು. ಚೋಟಿ ಒರೆಸಿದಳು, ಜೋಡಿಸಿದಳು. ಪೆನ್ಸಿಲ್ ಕಂಡಿತು, ಅಳಿಸಿದಳು.

ಆಗ ಮೇಡಂ ಫೋನ್ ಇಟ್ಟು ಬಂದರು. "ಲೈಟ್ ತಾತ ನಾಳೆ ನಾಲ್ಕಕ್ಕೆ ಬರ್ತಾರಂತೆ. ಯಾವುದೋ ಸರ್ಕಸ್ ಹಾಳೆ ಹಿಂದೆ ಪೆನ್ಸಿಲಲ್ಲಿ ಏನೋ ಬರ್ದಿದ್ದಾರಂತೆ. ಅದನ್ನ ಓದಿ ತೋರಿಸ್ತಾರಂತೆ. ಹನ್ನೆರಡು ಪೆಟ್ಟಿಗೇಲಿ ಅದೇ ಮುಖ್ಯವಾದ್ದಂತೆ."

ಚೋಟಿ ಕೈಯಲ್ಲಿದ್ದ ಹಾಳೆಯನ್ನು ತಿರುಗಿಸಿದಳು. ಮುಂಬದಿಯಲ್ಲಿ ಸರ್ಕಸ್ ಜೋಕರ್ ನಗುತ್ತಿದ್ದ.

ಮೇಡಂ ಹಿಂದಿನ ಗೋಡೆಯ ಮೇಲೆ ಒಂದು ಬೋರ್ಡು ಇತ್ತು. 'ಪುಸ್ತಕ ಹಾಳು ಮಾಡಿದವರ ಕಾರ್ಡು ವಾಪಸ್.' ಹಾಗೆ ಕಾರ್ಡು ಕಳೆದುಕೊಂಡ ಇಬ್ಬರು ಹುಡುಗರು ಈಗ ಗೇಟಿನ ಹೊರಗೆ ಗೋಲಿ ಆಡುತ್ತಾರೆ.

ಮೇಡಂ ಸ್ಟ್ಯಾಂಪ್ ಪ್ಯಾಡಿಗೆ ಇಂಕು ಹಾಕಲು ತಿರುಗಿದರು. ಚೋಟಿ ಆ ಹಾಳೆಯನ್ನು ಒಂಬತ್ತನೇ ಪೆಟ್ಟಿಗೆಯ ತಳದಲ್ಲಿ, ಎರಡು ಪೋಸ್ಟರುಗಳ ನಡುವೆ ತೂರಿಸಿದಳು.

ಅವತ್ತು ಅವಳಿಗೆ ಊಟ ಸೇರಲಿಲ್ಲ.

"ಏನೇ, ಮುಖ ಊದಿಸ್ಕೊಂಡಿದ್ದೀಯಾ? ಟೆಸ್ಟಲ್ಲಿ ಮಾರ್ಕ್ಸ್ ಹೋಯ್ತಾ?" ಎಂದು ಅಮ್ಮ ಕೇಳಿದಳು.

"ಟೆಸ್ಟೇ ಇರ್ಲಿಲ್ಲ."

"ಮತ್ತೆ ಮಾರ್ಕ್ಸ್ ಹೋದೋಳ ಹಾಗೆ ಯಾಕೆ ಕೂತಿದ್ದೀಯಾ?"

ಚೋಟಿ ಕಲಸಿದ ಅನ್ನವನ್ನೇ ಮತ್ತೆ ಕಲಸಿದಳು.

ಮರುದಿನ ನಾಲ್ಕಕ್ಕೆ ಸರಿಯಾಗಿ ತಾತ ಬಂದರು. ತೆಳ್ಳಗೆ, ಉದ್ದಕ್ಕೆ ಇದ್ದರು. ಒಳಗೆ ಕಾಲಿಡುತ್ತಲೇ ಮೇಲೆ ನೋಡಿ, "ಈ ಟ್ಯೂಬ್ ಲೈಟ್ ಹಾಕಿದವನಿಗೆ ಕಣ್ಣಿರ್ಲಿಲ್ವಾ?" ಎಂದರು. ಆಮೇಲೆ ಕುರ್ಚಿ ಎಳೆದು ಕುಳಿತು ಪೆಟ್ಟಿಗೆ ತೆರೆದರು.

ಒಂದನೇ ಪೆಟ್ಟಿಗೆಯಲ್ಲಿ ಹಾಳೆ ಸಿಗಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ಮೂರನೆಯದನ್ನು ಎರಡು ಸಲ ನೋಡಿದರು.

"ಇದ್ರಲ್ಲೇ ಇಟ್ಟಿದ್ದೆ. ಹಳದಿ ಹಾಳೆ, ಮುಂದೆ ಒಂದು ಜೋಕರ್ ಚಿತ್ರ."

"ಹುಡ್ಕೋಣ ಬಿಡಿ, ಎಲ್ಲಿ ಹೋಗುತ್ತೆ?" ಎಂದು ಮೇಡಂ ನಾಲ್ಕನೆಯದನ್ನು ಎಳೆದರು.

ಐದನೇ ಪೆಟ್ಟಿಗೆಯ ಹೊತ್ತಿಗೆ ತಾತನ ಕೈ ನಿಧಾನವಾಯಿತು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇಲ್ಲ ಮೇಡಂ. ನಾನೇ ಎಲ್ಲೋ ಕಳ್ಕೊಂಡಿರ್ಬೇಕು. ಈಚೆಗೆ ನನ್ನ ತಲೆ ಸರಿಯಿಲ್ಲ. ಹೋದ ವಾರ ಈ ಕನ್ನಡಕಾನ ಫ್ರಿಜ್ಜಲ್ಲಿ ಇಟ್ಟಿದ್ದೆ. ಇನ್ಮೇಲೆ ಏನೂ ನಿನ್ನ ಹತ್ರ ಇಟ್ಕೋಬೇಡಪ್ಪಾ ಅಂತ ಮಗಳು ಹೇಳ್ತಾಳೆ. ಅವಳು ಹೇಳೋದೇ ಸರಿ."

ಅವರು ಏಳಲು ಮೇಜಿಗೆ ಕೈ ಊರಿದರು.

"ನೀವು ಕಳ್ಕೊಂಡಿಲ್ಲ" ಎಂದಳು ಚೋಟಿ. ದನಿ ಅವಳಿಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದಳು. "ನೀವು ಕಳ್ಕೊಂಡಿಲ್ಲ ತಾತ. ಒಂಬತ್ತನೇ ಪೆಟ್ಟಿಗೇಲಿದೆ. ನಾನೇ ಬಚ್ಚಿಟ್ಟೆ. ಹಿಂದೆ ಬರ್ದಿದ್ದನ್ನ ಅಳಿಸ್ಬಿಟ್ಟೆ."

ಗೇಟಿನ ಹೊರಗೆ ಗೋಲಿಗಳು ತಾಗುವ ಸದ್ದು ಕೇಳಿಸಿತು.

"ಅಳಿಸ್ದೆಯಾ? ಯಾಕೆ?" ಎಂದರು ತಾತ.

"ಪೆನ್ಸಿಲಿತ್ತು ಅಂತ."

ಮೇಡಂ ಹಾಳೆ ಹುಡುಕಿ ತೆಗೆದರು. ಹಿಂದೆ ಮುಂದೆ ತಿರುಗಿಸಿದರು. ಹಿಂಬದಿ ಖಾಲಿ ಇತ್ತು.

"ಪೆನ್ಸಿಲ್ ಕಂಡ್ರೆ ಅಳಿಸು ಅಂತ ಹೇಳ್ಕೊಟ್ಟಿದ್ದು ನಾನೇ" ಎಂದರು ಮೇಡಂ ತಾತನಿಗೆ. ಆಮೇಲೆ ಚೋಟಿಯ ಕಡೆ ತಿರುಗಿದರು. "ಬಚ್ಚಿಡು ಅಂತ ನಾನು ಹೇಳ್ಕೊಟ್ಟಿರ್ಲಿಲ್ಲ."

ಚೋಟಿ ತನ್ನ ಚಪ್ಪಲಿಯ ಬಾರನ್ನು ನೋಡುತ್ತ ನಿಂತಳು.

ತಾತ ಕೈ ಚಾಚಿ ಹಾಳೆ ತೆಗೆದುಕೊಂಡರು. ಅದರ ಹಿಂಬದಿಯ ಮೇಲೆ ಹೆಬ್ಬೆರಳು ಆಡಿಸಿದರು. "ಟಾರ್ಚ್ ಇದೆಯಾ?"

"ಇದೆ" ಎಂದರು ಮೇಡಂ.

"ಪರದೆ ಎಳೀರಿ. ಆ ದರಿದ್ರ ಟ್ಯೂಬ್ ಲೈಟ್ ಆರಿಸಿ. ಏಯ್ ಹುಡುಗಿ, ಬಾ ಇಲ್ಲಿ. ಹಾಳೇನ ಅಲ್ಲಾಡದ ಹಾಗೆ ಹಿಡ್ಕೋ."

ಕೋಣೆ ಮಬ್ಬಾಯಿತು. ತಾತ ಟಾರ್ಚನ್ನು ಮೇಜಿನ ಮೇಲೆ ಮಲಗಿಸಿದರು. ಬೆಳಕು ಹಾಳೆಯ ಅಂಚಿನಿಂದ ಒಳಕ್ಕೆ ತೆವಳಿಕೊಂಡು ಹೋಯಿತು.

"ಮೇಲಿಂದ ಲೈಟ್ ಬಿಟ್ರೆ ಸ್ಟೇಜ್ ಮೇಲಿರೋ ಮುಖ ತಟ್ಟೆ ಥರ ಕಾಣುತ್ತೆ. ಪಕ್ಕದಿಂದ ಬಿಟ್ರೆ ಮೂಗು, ಸುಕ್ಕು, ಎಲ್ಲಾ ಎದ್ದು ಬರುತ್ತೆ. ನೋಡೀಗ."

ಖಾಲಿ ಹಾಳೆಯ ಮೇಲೆ ಸಣ್ಣ ಸಣ್ಣ ಕಾಲುವೆಗಳು ಎದ್ದವು. ಪೆನ್ಸಿಲ್ ಒತ್ತಿದ ಗುರುತುಗಳು. ಚೋಟಿ ಬಗ್ಗಿದಳು. ಅಕ್ಷರಗಳು!

"ಅವತ್ತು ಆಟ ಮುಗಿದ್ಮೇಲೆ ಮೊಣಕಾಲ ಮೇಲೆ ಇಟ್ಕೊಂಡು ಬರ್ದಿದ್ದೆ. ಕೈ ನಡುಗ್ತಿತ್ತು, ಅದಕ್ಕೇ ಅಷ್ಟು ಒತ್ತಿದ್ದೀನಿ" ಎಂದರು ತಾತ. "ಆಗ ನಂಗೆ ಹತ್ತೊಂಬತ್ತು. ಯಾವುದೋ ವೈರನ್ನ ಎಲ್ಲಿಗೋ ಕೊಟ್ಟೆ. ಡಬ್ ಅಂತ ಇಡೀ ಡೇರೆ ಕತ್ತಲು. ಮೇಲೆ ಉಯ್ಯಾಲೆ ಮೇಲೆ ಅಕ್ಕ ತಂಗಿ ಇಬ್ರು ಕೂತಿದ್ದಾರೆ. ಕೆಳಗೆ ಸಾವಿರ ಜನ. ಒಬ್ಬ ಎದ್ದು ಓಡಿದ್ರೆ ಎಲ್ಲರೂ ಓಡ್ತಿದ್ರು. ಆಗ ಜೋಕರ್ ಬಂದು ಕತ್ತಲಲ್ಲೇ ನಿಂತು ಮಾತಾಡ್ದ. ನಾನು ವೈರ್ ಸರಿ ಮಾಡೋ ತನಕ ಏಳು ಜೋಕು ಹೇಳ್ದ. ಒಬ್ರೂ ಏಳ್ಲಿಲ್ಲ. ಆಮೇಲೆ ಅವನು ಯಾವತ್ತೂ ಅವನ್ನ ಹೇಳ್ಲೇ ಇಲ್ಲ. ಲೈಟ್ ಇರುವಾಗ ಅವು ನಡೆಯಲ್ಲ ಅಂತಿದ್ದ. ಹುಂ, ಓದು."

ಚೋಟಿ ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

"ಒಂದು. ಯಾರೂ ಹೆದರ್ಬೇಡಿ. ನಮ್ಮ ಆನೆ ಕಾಣಿಸ್ತಿಲ್ಲ. ನಿಮ್ಮ ಪಕ್ಕದವರು ಜಾಸ್ತಿ ಜಾಗ ತಗೊಂಡಿದ್ರೆ ಒಂದ್ಸಲ ಕಿವಿ ಮುಟ್ಟಿ ನೋಡಿ."

ಮೇಡಂ ಕಿಸಕ್ಕೆಂದರು.

"ಎರಡು. ನಾನೀಗ ತಂತಿ ಮೇಲೆ ತಲೆ ಕೆಳಗಾಗಿ ನಡೀತಿದ್ದೀನಿ. ಯಾರೂ ನೋಡ್ಲಿಲ್ವಾ? ಛೆ, ಇನ್ನೊಂದ್ಸಲ ಮಾಡಲ್ಲ."

ಮೂರು, ನಾಲ್ಕು ಓದಲು ಕಷ್ಟವಾಯಿತು. ಅರ್ಧ ಬೆಳಕು ತೋರಿಸಿತು, ಉಳಿದರ್ಧ ತಾತನಿಗೆ ನೆನಪಾಯಿತು. ಐದನೆಯದು ಸಿಂಹದ್ದು. 'ಸಿಂಹ ಬೋನಲ್ಲೇ ಇದೆ. ಬೀಗ ಎಲ್ಲಿದೆ ಅಂತ ನಾನೂ ಸಿಂಹಾನೂ ಹುಡುಕ್ತಿದ್ದೀವಿ.' ಆರನೆಯದೂ ಸಿಕ್ಕಿತು.

ಏಳನೆಯದು ಹಾಳೆಯ ತುದಿಯಲ್ಲಿತ್ತು. ಅಲ್ಲಿ ಕಾಗದ ತೆಳ್ಳಗಿತ್ತು, ರಬ್ಬರು ಜಾಸ್ತಿ ಆಡಿತ್ತು. ತಾತ ಟಾರ್ಚನ್ನು ಆ ಕಡೆಯಿಂದ ಬಿಟ್ಟರು, ಈ ಕಡೆಯಿಂದ ಬಿಟ್ಟರು. ಅಂಕೆ ಬಿಟ್ಟು ಬೇರೇನೂ ಕಾಣಲಿಲ್ಲ.

"ನಿಮ್ಗೆ ನೆನಪಿಲ್ವಾ ತಾತ?"

"ಇಲ್ಲ. ಜನ ನಕ್ಕಿದ್ದು ನೆನಪಿದೆ. ಎಲ್ಲಕ್ಕಿಂತ ಜಾಸ್ತಿ ನಕ್ಕಿದ್ದು ಅದಕ್ಕೇ. ಡೇರೆ ಬಟ್ಟೆ ಅಲ್ಲಾಡ್ತು. ಅವನು ಏನಂದ ಅಂತ..." ಅವರು ತಲೆ ಆಡಿಸಿದರು. ಟಾರ್ಚ್ ಆರಿಸಿದರು.

ಮೇಡಂ ಪರದೆ ಸರಿಸಿದರು. "ಚೋಟಿ, ಒಂದು ತಿಂಗಳು ನಿನ್ನ ಕಾರ್ಡು ನನ್ನ ಹತ್ರ ಇರುತ್ತೆ. ಪುಸ್ತಕ ಮನೆಗೆ ಸಿಗಲ್ಲ. ಸಂಜೆ ಬಂದು ಇಲ್ಲೇ ಕೂತು ಓದು. ಮೊದಲು ಈ ಹಾಳೆ ಜೊತೆ ಇಡೋಕೆ ಒಂದು ಚೀಟಿ ಬರೀಬೇಕು. ಬರಿ."

ಚೋಟಿ ಪೆನ್ನು ತೆಗೆದುಕೊಂಡಳು. ಹಾಳೆಯ ಬಣ್ಣ ಬರೆದಳು, ಅಳತೆ ಬರೆದಳು. ಒಂದರಿಂದ ಆರರವರೆಗೆ ಜೋಕುಗಳನ್ನು ದುಂಡಗೆ ಬರೆದಳು. ಏಳು ಎಂದು ಹಾಕಿ ನಿಂತಳು.

"ಏನಾದ್ರೂ ಒಂದು ಸೇರಿಸ್ಬಿಡಮ್ಮ. ಯಾರು ಕೇಳ್ತಾರೆ?" ಎಂದರು ತಾತ. ಅವರು ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತಿದ್ದರು.

ಚೋಟಿಗೆ ಆಗಲೇ ಒಂದು ಹೊಳೆದಿತ್ತು. 'ಎಲ್ಲರೂ ನಿಮ್ಮ ಕೈ ಎಣಿಸಿಕೊಳ್ಳಿ. ಎರಡಕ್ಕಿಂತ ಜಾಸ್ತಿ ಇದ್ರೆ ಒಂದು ನಮ್ಮ ಕೋತೀದು, ವಾಪಸ್ ಕೊಡಿ.' ಮನಸ್ಸಿನಲ್ಲೇ ಹೇಳಿಕೊಂಡಾಗ ಅವಳಿಗೇ ನಗು ಬಂತು. ಚೀಟಿಯಲ್ಲಿ ಸರಿಯಾಗಿ ಅಷ್ಟೇ ಜಾಗವಿತ್ತು.

ಅವಳು ಬರೆದಳು: '7. ಲೈಬ್ರರಿಯಲ್ಲಿ ಅಳಿಸಿಹೋಯಿತು. ಓದಲು ಆಗುವುದಿಲ್ಲ.'

ಕೋತಿಯ ಜೋಕು ಚೆನ್ನಾಗಿಯೇ ಇತ್ತು. ಆದರೆ ಆ ಕತ್ತಲಲ್ಲಿ ಕುಳಿತವರು ನಕ್ಕಿದ್ದು ಅದಕ್ಕಲ್ಲ.