ಕಿಟಕಿಯಂಚಿನ ಹೆಬ್ಬೆರಳು

ಬುಧವಾರ ಬೆಳಗ್ಗೆ ಒಂಬತ್ತೂವರೆಗೆ ಠಾಣೆಗೆ ಬಂದ ದೂರು ಕೇಳಿ ದಫೇದಾರರಿಗೆ ಮೊದಲು ನಗು ಬಂತು. ಕೆಡವಲಿರುವ ಹಳೆಯ ಶಾಲೆಯ ಎರಡನೇ ಮಹಡಿಯಿಂದ ಒಂದು ಕಿಟಕಿ ಕಳುವಾಗಿತ್ತು. ಇಂದಲ್ಲ ನಾಳೆ ಪುಡಿಯಾಗುವ ಕಿಟಕಿಗೆ ಎಫ್‌ಐಆರ್ ಬೇರೆ ಕೇಡು ಎಂದು ಅವರು ಗೊಣಗಿದರು.

ದೂರು ತಂದ ಎಂಜಿನಿಯರಮ್ಮ ನಗಲಿಲ್ಲ. ಕಟ್ಟಡ ಕೆಡವುವ ಮೊದಲು ಅದರೊಳಗಿನ ವಿಷವಸ್ತುಗಳನ್ನು ಬೇರ್ಪಡಿಸುವುದು ಅವರ ಕೆಲಸ. ಆ ಶಾಲೆ ಕಟ್ಟಿದ ಕಾಲದಲ್ಲಿ, ಗಾಜು ಕೂರಿಸುವ ಪುಟ್ಟಿ ಬಿರುಕು ಬಿಡದಿರಲೆಂದು ಅದಕ್ಕೊಂದು ರಾಸಾಯನಿಕ ಎಣ್ಣೆ ಬೆರೆಸುತ್ತಿದ್ದರು. ಅದು ವಿಷವೆಂದು ತಿಳಿದದ್ದು ತಡವಾಗಿ. ಈಗ ಅಂಥ ಕಿಟಕಿಗಳಿಗೆಲ್ಲ ಕೆಂಪು ಗುರುತು ಹಾಕಿ, ಪುಟ್ಟಿಯನ್ನು ಧೂಳೇಳದಂತೆ ಒದ್ದೆ ಮಾಡಿ ಕೆತ್ತಿ, ಡ್ರಮ್ಮಿಗೆ ತುಂಬಿ, ಮುಚ್ಚಳ ಬಿಗಿದು ಕಳಿಸಬೇಕು.

“ಕಿಟಕಿ ಹೋದ್ರೆ ಹೋಗ್ಲಿ ಮೇಡಂ,” ಎಂದು ಅವರು ಇನ್ಸ್‌ಪೆಕ್ಟರಿಗೆ ಹೇಳಿದರು. “ತಗೊಂಡವರು ಪುಟ್ಟಿ ಬಿಡಿಸೋಕೆ ಅದನ್ನ ಕಾಯಿಸಿದ್ರೆ ಹೊಗೇಲಿ ವಿಷ ಏಳುತ್ತೆ. ಆ ಮನೇಲಿ ಚಿಕ್ಕ ಮಕ್ಕಳಿದ್ರೆ ಏನು ಗತಿ?”

ಇನ್ಸ್‌ಪೆಕ್ಟರ್ ಟೋಪಿ ಎತ್ತಿಕೊಂಡರು. ದಫೇದಾರರ ನಗು ಅಲ್ಲಿಗೆ ನಿಂತಿತು.

ಸ್ಥಳ ಪಂಚನಾಮೆ ಹತ್ತೂವರೆಗೆ ಶುರುವಾಯಿತು. ಇದು ಗುಜರಿಯವರದೇ ಕೆಲಸ ಎಂದು ದಫೇದಾರರು ಮೆಟ್ಟಿಲು ಹತ್ತುವಾಗಲೇ ತೀರ್ಪು ಕೊಟ್ಟಿದ್ದರು. ಆದರೆ ಕೆಳಗೆ ರಾಶಿ ಹಾಕಿದ್ದ ಹಿತ್ತಾಳೆ ಹಿಡಿಗಳನ್ನು ಯಾರೂ ಮುಟ್ಟಿರಲಿಲ್ಲ. ಕಿಟಕಿಯ ಒಂದು ಬಾಗಿಲು ಮಾತ್ರ ಗಾಜಿನ ಸಮೇತ ಹೋಗಿತ್ತು. ತುಕ್ಕು ಹಿಡಿದ ಸ್ಕ್ರೂಗಳಿಗೆ ಎಣ್ಣೆ ಬಿಟ್ಟು ಬಿಚ್ಚಿ, ಸಾಲಾಗಿ ಜೋಡಿಸಿಟ್ಟಿದ್ದರು. ಎಲ್ಲಕ್ಕಿಂತ ಸೋಜಿಗವೆಂದರೆ, ಖಾಲಿ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಬಿಗಿದು ಮೊಳೆ ಹೊಡೆದಿದ್ದರು. ಹಾಳೆ ಹರಿಯದಿರಲೆಂದು ಪ್ರತಿ ಮೊಳೆಯ ಕೆಳಗೂ ಮಡಚಿದ ರಟ್ಟಿನ ಚೂರು ಇತ್ತು.

“ಬೀಳಿಸೋ ಕಟ್ಟಡಕ್ಕೆ ಮಳೆ ನೀರು ಬರಬಾರದು ಅಂತ ಯಾವ ಕಳ್ಳ ನೋಡ್ತಾನೆ ಮೇಡಂ?”

“ಕಿಟಕಿ ತೆರೆದು ಬಿಟ್ಟು ಹೋಗಿ ಅಭ್ಯಾಸ ಇಲ್ಲದವನು,” ಎಂದರು ಇನ್ಸ್‌ಪೆಕ್ಟರ್.

ರಟ್ಟಿನ ಚೂರೊಂದನ್ನು ಹಿಡಿದು ದಫೇದಾರರು ಊರಿನ ಗಾಜಿನ ಅಂಗಡಿಗಳನ್ನು ಸುತ್ತಿದರು. ಮೂರನೆಯ ಅಂಗಡಿಯವನು ನೋಡಿದ್ದೇ ತಡ, ಇದು ಗಾಜಿನಜ್ಜನ ಕೈಚಳಕ ಎಂದ. ಹೀಗೇ ಮಡಚಬೇಕೆಂದು ಅಜ್ಜ ತನ್ನ ತಲೆ ತಿಂದಿದ್ದರಂತೆ. ಕೆಲಸ ಬಿಟ್ಟು ವರ್ಷಗಳಾದ ಮುದುಕರು, ಹೆಂಡತಿ ತೀರಿಕೊಂಡ ಮೇಲೆ ಮಗಳ ಜೊತೆಗಿದ್ದಾರೆ. ಆ ಬೆಳಗ್ಗೆಯಷ್ಟೇ ಬಂದು ಪುಟ್ಟಿ ಕಾಯಿಸುವ ಟಾರ್ಚಿಗೆ ಗ್ಯಾಸ್ ಡಬ್ಬಿ ಒಯ್ದಿದ್ದರು.

ದಫೇದಾರರು ಇನ್ಸ್‌ಪೆಕ್ಟರಿಗೆ ಫೋನ್ ಮಾಡಿದರು. ಜೀಪು ಅಂಗಡಿಯ ಮುಂದೆ ಸರಿಯಾಗಿ ನಿಲ್ಲುವ ಮೊದಲೇ ಹತ್ತಿಕೊಂಡರು.

ಬಾಗಿಲು ತೆರೆದ ಮಗಳ ಸೊಂಟದಲ್ಲಿ ಎಂಟು ತಿಂಗಳ ಕೂಸಿತ್ತು. ಅಡುಗೆಮನೆಯ ಮೇಜಿನ ಮೇಲೆ ಕಿಟಕಿ ಮಲಗಿತ್ತು, ಪಕ್ಕದಲ್ಲಿ ಟಾರ್ಚ್. ಅಜ್ಜ ಬೆಂಕಿಪೊಟ್ಟಣಕ್ಕಾಗಿ ಮನೆಯೆಲ್ಲ ಜಾಲಾಡುತ್ತಿದ್ದರು. ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಕೂಸಿನ ಕಾಟಕ್ಕೆ ಮಗಳು ಪೊಟ್ಟಣವನ್ನು ಎಲ್ಲೋ ಎತ್ತಿಟ್ಟಿದ್ದಳು. ಇನ್ಸ್‌ಪೆಕ್ಟರಿಗೆ ಹೋದ ಜೀವ ಬಂದಂತಾಯಿತು. ತಾಯಿ ಮಗು ಇಬ್ಬರನ್ನೂ ಹೊರಗೆ ಕಳಿಸಿ, ಟಾರ್ಚನ್ನು ದಫೇದಾರರ ಕೈಗೆ ಕೊಟ್ಟರು.

“ಕಿಟಕಿ ತಂದದ್ದು ನೀವೇನಾ ಅಜ್ಜ?”

“ಹೌದಮ್ಮ. ಕೂರಿಸಿದ್ದೂ ನಾನೇ. ಕೇಳಿದೆ, ಕೊಡಲ್ಲ ಅಂದ್ರು.”

“ಇದೇ ಯಾಕೆ?”

ಅಜ್ಜ ಕಿಟಕಿಯನ್ನು ಬೆಳಕಿಗೆ ಓರೆ ಮಾಡಿದರು. ಪುಟ್ಟಿಯ ಅಂಚಿನಲ್ಲಿ ಸಣ್ಣದೊಂದು ಹೆಬ್ಬೆರಳಿನ ಗುರುತು. ಗೆರೆ ಗೆರೆಯೂ ಸ್ಪಷ್ಟ, ನಡುವೆ ಗಾಜು ಕೊಯ್ದ ಗಾಯದ ಕಲೆ.

“ನನ್ನ ಹೆಂಡ್ತೀದು. ನನ್ನ ಜೊತೇಲೇ ಕೆಲಸ ಮಾಡ್ತಿದ್ಲು. ಹಸಿ ಇದೆ, ಮುಟ್ಟಬೇಡ ಅಂದೆ. ಬೇಕಂತಲೇ ಒತ್ತಿ ನಕ್ಕಳು. ಫೋಟೋ ಬೇಕಾದಷ್ಟಿವೆ ತಾಯಿ. ಅವಳ ಕೈ ಅಂತ ಉಳಿದಿರೋದು ಇದೊಂದೇ. ಕಾಯಿಸಿ ಇಷ್ಟು ತುಂಡು ಬಿಡಿಸ್ಕೋತೀನಿ, ಮಿಕ್ಕಿದ್ದು ವಾಪಸ್ ಕೊಡ್ತೀನಿ.”

ಪುಟ್ಟಿಯಲ್ಲಿ ಏನಿದೆಯೆಂದು ಇನ್ಸ್‌ಪೆಕ್ಟರ್ ನಿಧಾನವಾಗಿ ವಿವರಿಸಿದರು. ಅಜ್ಜ ನಂಬಲಿಲ್ಲ.

“ಜೀವಮಾನವಿಡೀ ಬರಿಗೈಲಿ ಕಲಸಿದೀನಿ. ನನಗೇನಾಯ್ತು? ಅವಳೂ ಬರಿಗೈಲೇ...”

ಹೆಂಡತಿಗೆ ಯಾವ ಕಾಯಿಲೆಯಿತ್ತೆಂದು ಯಾರೂ ಕೇಳಲಿಲ್ಲ. ಅಜ್ಜ ಹೊಸ್ತಿಲಾಚೆ ಮುಷ್ಟಿ ಚೀಪುತ್ತಿದ್ದ ಕೂಸನ್ನು ನೋಡಿದರು, ಆಮೇಲೆ ತಮ್ಮ ಕೈಗಳನ್ನು ಬೆನ್ನ ಹಿಂದೆ ಮರೆಸಿಕೊಂಡರು.

“ತಗೊಂಡು ಹೋಗಿ. ಮೊದಲು ಮಗೂನ ಡಾಕ್ಟರಿಗೆ ತೋರಿಸಿ.”

ಎಂಜಿನಿಯರಮ್ಮನ ಕೆಲಸಗಾರರು ಮುಖಗವಸು ತೊಟ್ಟು ಬಂದು ಮೇಜು, ನೆಲ ಎಲ್ಲವನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿದರು. ಡಾಕ್ಟರು ಕೂಸನ್ನು ಪರೀಕ್ಷಿಸಿ, ಸದ್ಯ ಗಾಬರಿಯೇನಿಲ್ಲ ಎಂದರು. ಮಧ್ಯಾಹ್ನ ಎರಡಕ್ಕೆ ಅಜ್ಜನ ದಸ್ತಗಿರಿಯಾಯಿತು. ಸಂಜೆಯೊಳಗೆ ಮಗಳ ಜಾಮೀನಿನ ಮೇಲೆ ಮನೆಗೂ ಹೋದರು.

ಕಿಟಕಿಯನ್ನು ಡ್ರಮ್ಮಿಗೆ ಹಾಕುವ ಮೊದಲು ಇನ್ಸ್‌ಪೆಕ್ಟರ್ ಬೆರಳಚ್ಚು ತಜ್ಞರನ್ನು ಕರೆಸಿದರು. ಕಳ್ಳ ತಪ್ಪೊಪ್ಪಿಕೊಂಡ ಮೇಲೆ ಯಾರ ಬೆರಳಚ್ಚು ತೆಗೆಯಬೇಕೆಂದು ತಜ್ಞರಿಗೆ ತಿಳಿಯಲಿಲ್ಲ.

“ಕದ್ದ ಮಾಲಿಂದು,” ಎಂದರು ಇನ್ಸ್‌ಪೆಕ್ಟರ್. “ಮಾಲಿನ ಗುರುತು ದಾಖಲಾಗಬೇಕಲ್ಲ. ಫೋಟೋದಲ್ಲಿ ಗೆರೆಗಳೆಲ್ಲ ಕಾಣಬೇಕು. ಆ ಕಲೇನೂ.”

ದೋಷಾರೋಪ ಪಟ್ಟಿಯ ಜೊತೆಗಿನ ದಾಖಲೆಗಳ ನಕಲನ್ನು ಆರೋಪಿಗೆ ಕೊಡಬೇಕೆಂಬುದು ಕಾನೂನು. ಅದನ್ನು ಇಷ್ಟು ಸಂತೋಷದಿಂದ ಪಾಲಿಸಿದ್ದು ಆ ಠಾಣೆಯಲ್ಲಿ ಅದೇ ಮೊದಲಿರಬೇಕು. ನ್ಯಾಯಾಲಯದ ಹಜಾರದಲ್ಲಿ ದಫೇದಾರರು ಲಕೋಟೆ ಕೊಟ್ಟಾಗ ಅಜ್ಜ ಆ ಫೋಟೋ ಒಂದನ್ನೇ ಹೊರತೆಗೆದು, ಬಹಳ ಹೊತ್ತು ನೋಡಿದರು.

ಠಾಣೆಯ ಪ್ರತಿಯಲ್ಲಿ, ಅದೇ ಫೋಟೋದ ಪಕ್ಕ, ನಕಲು ಪಡೆದದ್ದಕ್ಕೆ ಸಹಿ ಹಾಕಲು ಜಾಗ ಬಿಟ್ಟಿತ್ತು. ದಫೇದಾರರು ಪೆನ್ನು ಚಾಚಿದರು.

“ಸಹಿ ಬರುತ್ತೆ ಸ್ವಾಮಿ,” ಎಂದರು ಅಜ್ಜ. “ಆದ್ರೂ ಶಾಯಿ ಇದ್ರೆ ಕೊಡಿ.”

ದಫೇದಾರರು ಎಲ್ಲಿಂದಲೋ ಶಾಯಿಯ ಡಬ್ಬಿ ಹುಡುಕಿ ತಂದರು. ಅಜ್ಜ ಹೆಬ್ಬೆರಳು ಅದ್ದಿ, ಅವಳದರ ಪಕ್ಕದಲ್ಲಿ ಮೆಲ್ಲಗೆ ಒತ್ತಿದರು.